ಭಾಗೀರತಿಯನ್ನು ಕ್ಯಾಮೆರಾ ಎಲ್ಲಿ ನಿಂತು ನೋಡಬೇಕು?

ಕಾಲೇಜಿನ ಹುಡುಗ ಹುಡುಗಿಯರು ಹಿಂದೆ ವಾರ್ಷಿಕೋತ್ಸವ ಬಂತೆಂದರೆ ನಾಟಕ ಕಟ್ಟುತ್ತಿದ್ದರು. ಈಗ ಹಾಡಿನ ವಿಡಿಯೊ ಕಟ್ಟುತ್ತಾರೆ. ಇಬ್ಬರ ಕೈಯಲ್ಲಿ ಒಳ್ಳೆಯ ಮೊಬೈಲ್, ಒಬ್ಬರ ಲ್ಯಾಪ್‌ಟಾಪಿನಲ್ಲಿ ಎಡಿಟಿಂಗ್ ಸೌಲಭ್ಯ, ತಕ್ಕಮಟ್ಟಿಗೆ ಹಾಡಬಲ್ಲ ಒಬ್ಬಳು, ಬಿಡುವಿನ ಒಂದು ಭಾನುವಾರ. ಇಷ್ಟಿದ್ದರೆ ನಾಲ್ಕು ನಿಮಿಷದ ವಿಡಿಯೊಗೆ ಮತ್ತೇನೂ ಬೇಕಿಲ್ಲ. ನಾಟಕದಲ್ಲಿ ಏನಾದರೂ ಎಡವಟ್ಟಾದರೆ ಅದು ಆ ರಾತ್ರಿಗೇ ಮುಗಿಯುತ್ತಿತ್ತು. ಹೆಚ್ಚೆಂದರೆ ಮರುದಿನ ಪ್ರಾಂಶುಪಾಲರ ಕೊಠಡಿಯಲ್ಲಿ ಮುಗಿಯುತ್ತಿತ್ತು. ವಿಡಿಯೊ ಹಾಗೆ ಮುಗಿಯುವುದಿಲ್ಲ. ಅದು ಯೂಟ್ಯೂಬಿಗೆ ಹೋಗುತ್ತದೆ, ಅಲ್ಲಿಂದ ವಾಟ್ಸ್‌ಆ್ಯಪಿಗೆ ಬರುತ್ತದೆ, ಯಾರ ವೇಷವನ್ನು ತೊಟ್ಟು ಕುಣಿದಿದ್ದರೋ ಅವರ ಮನೆಯ ಅಂಗಳಕ್ಕೂ ತಲುಪುತ್ತದೆ.

ಇಂಥ ವಿಡಿಯೊಗಳಿಗೆ ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಆರಿಸಿಕೊಳ್ಳುವುದು ಜಾನಪದ ಗೀತೆಗಳನ್ನು. ಹಕ್ಕುಸ್ವಾಮ್ಯದ ತಕರಾರು ಕಡಿಮೆ, ಎಲ್ಲರಿಗೂ ಗೊತ್ತಿರುವ ಮಟ್ಟು, ಜೊತೆಗೆ ‘ನಮ್ಮ ಸಂಸ್ಕೃತಿ’ ಎಂಬ ಮೆಚ್ಚುಗೆಯೂ ಸಿಗುತ್ತದೆ. ಆದರೆ ಹಾಡಿಗೆ ಚಿತ್ರ ಸೇರಿಸುವುದು ಕಾಣುವಷ್ಟು ಸುಲಭದ ಕೆಲಸವೇನಲ್ಲ. ಕೇಳುವಾಗ ಪ್ರತಿಯೊಬ್ಬರೂ ತಮ್ಮ ತಮ್ಮ ಚಿತ್ರ ಕಟ್ಟಿಕೊಳ್ಳುತ್ತಾರೆ. ವಿಡಿಯೊ ಬಂದಮೇಲೆ ಎಲ್ಲರೂ ಒಂದೇ ಚಿತ್ರವನ್ನು ನೋಡಬೇಕು. ಆ ಒಂದು ಚಿತ್ರದಲ್ಲಿ ಹೆಂಗಸು ಹೇಗಿರುತ್ತಾಳೆ, ಊರು ಹೇಗಿರುತ್ತದೆ, ಯಾವ ಜನ ಹೇಗೆ ಕಾಣುತ್ತಾರೆ ಎಂಬುದನ್ನು ಯಾರೋ ಕೆಲವರು ತೀರ್ಮಾನಿಸಿರುತ್ತಾರೆ. ಅಥವಾ ಯಾರೂ ತೀರ್ಮಾನಿಸದೆ, ಸಿನಿಮಾ ನೋಡಿ ಬಂದ ಅಭ್ಯಾಸವೇ ತೀರ್ಮಾನಿಸಿರುತ್ತದೆ. ಹೆಚ್ಚು ಅಪಾಯ ಇರುವುದು ಎರಡನೆಯದರಲ್ಲಿ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಹಾಡನ್ನೇ ಇಟ್ಟುಕೊಂಡು ನೋಡೋಣ. ವಿದ್ಯಾರ್ಥಿಗಳ ಒಂದು ಗುಂಪು ‘ಕೆರೆಗೆ ಹಾರ’ವನ್ನು ಆರಿಸಿಕೊಂಡಿದೆ ಎಂದಿಟ್ಟುಕೊಳ್ಳಿ.

ಬಂಗಾರದ ಬಟ್ಟಲು

ಶಾಲೆಯ ಪಠ್ಯದಲ್ಲಿ ಓದಿದವರಿಗೆ ಕಥೆ ನೆನಪಿದ್ದೀತು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ನೀರು ಬೀಳುವುದಿಲ್ಲ. ಜೋಯಿಸರನ್ನು ಕೇಳಿದರೆ ಸೊಸೆಯನ್ನು ಹಾರ ಕೊಡಬೇಕೆಂಬ ಉತ್ತರ ಬರುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರು? ಹಾಗಾಗಿ ಕಿರಿಯ ಸೊಸೆ ಭಾಗೀರತಿ. ಈ ತೀರ್ಮಾನವಾಗುವಾಗ ಅವಳನ್ನು ಯಾರೂ ಕೇಳುವುದಿಲ್ಲ.

ವಿಷಯ ತಿಳಿದ ಭಾಗೀರತಿ ತವರಿಗೆ ಹೋಗುತ್ತಾಳೆ. ಕಣ್ಣೀರೇಕೆ ಎಂದು ಅಪ್ಪ ಕೇಳಿದರೆ ನಿಜ ಹೇಳುವುದಿಲ್ಲ. ಅತ್ತೆ ಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಅಷ್ಟೇ ತಾನೆ, ಹೊಲಮನೆ ಕೊಡಿಸೋಣ ಎಂಬಂಥ ಸಮಾಧಾನ ಸಿಗುತ್ತದೆ. ತವರಿನಲ್ಲಿ ಯಾರಿಗೂ ಹೇಳದ ನಿಜವನ್ನು ಅವಳು ಹೇಳುವುದು ಗೆಳತಿಗೆ ಮಾತ್ರ. ಗೆಳತಿಯೂ ಬಿಡಿಸಿಕೊಳ್ಳುವ ದಾರಿ ತೋರಿಸುವುದಿಲ್ಲ, ಇಟ್ಟಂತೆ ಇರಬೇಕು ಎನ್ನುತ್ತಾಳೆ. ಭಾಗೀರತಿ ಮರಳಿ ಬಂದು ಅಳುತ್ತಲೇ ಮನೆಗೆಲಸಕ್ಕೆ ನಿಲ್ಲುತ್ತಾಳೆ. ಮಾವ ಕಾರಣ ಕೇಳಿದರೆ ಏನೋ ಒಂದು ನೆಪ. ಎಲ್ಲರೂ ಕೆರೆಗೆ ಹೋಗಿ ಗಂಗೆಯ ಪೂಜೆ ಮಾಡಿ, ಊಟ ಮುಗಿಸಿ ಹೊರಡುವಾಗ ಬಂಗಾರದ ಬಟ್ಟಲನ್ನು ಮರೆತು ಬಂದಿರುತ್ತಾರೆ. ತರಲು ಭಾಗೀರತಿಯೇ ಹೋಗುತ್ತಾಳೆ. ಬಟ್ಟಲು ಹಿಡಿದು ಅವಳು ಒಂದೊಂದು ಮೆಟ್ಟಿಲೇರಿದಂತೆ ನೀರೂ ಪಾದದಿಂದ ಮೇಲೆ ಮೇಲೆ ಏರುತ್ತದೆ. ಕೆರೆ ತುಂಬುತ್ತದೆ.

ದಂಡಿನಲ್ಲಿದ್ದ ಗಂಡ ಮಾದೇವರಾಯನಿಗೆ ಕೆಟ್ಟ ಕನಸು ಬೀಳುತ್ತದೆ. ಕುದುರೆ ಏರಿ ಬಂದವನಿಗೆ ಮನೆಯವರು, ಅವಳು ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ. ತವರಿನವರು ಗೆಳತಿಯ ಮನೆ ತೋರಿಸುತ್ತಾರೆ. ನಿಜ ಹೇಳುವವಳು ಮತ್ತೆ ಆ ಗೆಳತಿಯೇ. ಮಾದೇವರಾಯ ಕೆರೆಗೆ ಹಾರುತ್ತಾನೆ.

ಇದು ಕನ್ನಡಕ್ಕೆ ಮಾತ್ರ ಸೇರಿದ ಕಥೆಯೂ ಅಲ್ಲ. ಕೋಟೆ, ಸೇತುವೆ, ಮಠ ನಿಲ್ಲಬೇಕಾದರೆ ಹೆಂಗಸೊಬ್ಬಳನ್ನು ಗೋಡೆಯಲ್ಲಿಟ್ಟು ಕಟ್ಟಬೇಕೆಂಬ ಹಾಡುಗಳು ಸರ್ಬಿಯಾ, ರುಮೇನಿಯಾ, ಗ್ರೀಸ್ ದೇಶಗಳಲ್ಲಿವೆ. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡಿಸ್ ಈ ಒಂದು ಕಥೆಯ ಬಗ್ಗೆಯೇ ಪ್ರಬಂಧಗಳನ್ನು ಕೂಡಿಸಿ 1996ರಲ್ಲಿ ಪುಸ್ತಕ ತಂದರು. ಕಟ್ಟಡಕ್ಕೆ ಬಲಿ ಎಂಬ ಹಳೆಯ ಆಚರಣೆಯ ನೆನಪು ಎಂದು ಹಲವರು ಇದನ್ನು ವಿವರಿಸಿದರೆ, ಮದುವೆ ಎಂಬುದೇ ಹೆಣ್ಣನ್ನು ಗೋಡೆಯೊಳಗೆ ಇಡುವ ಬಗೆ ಎಂಬ ಅರ್ಥವನ್ನು ಡಂಡಿಸ್ ಇದರಲ್ಲಿ ಕಂಡರು. ನಮ್ಮಲ್ಲಿ ಇದನ್ನು ತ್ಯಾಗದ ಕಥೆ ಎಂದು ಪಾಠ ಮಾಡಿದ ಮೇಷ್ಟರೂ ಇದ್ದಾರೆ, ಕೊಲೆಯ ಕಥೆ ಎಂದು ಪಾಠ ಮಾಡಿದ ಮೇಡಂಗಳೂ ಇದ್ದಾರೆ. ಹಾಡು ಎರಡಕ್ಕೂ ಜಾಗ ಬಿಟ್ಟಿದೆ. ಕ್ಯಾಮೆರಾ ಅಷ್ಟು ಉದಾರಿಯಲ್ಲ. ಮೊದಲ ಶಾಟ್‌ನಲ್ಲೇ ಅದು ಯಾರದಾದರೂ ಪಕ್ಕದಲ್ಲಿ ನಿಲ್ಲಲೇಬೇಕು.

ನೀರಿನ ಮೆಟ್ಟಿಲು

ಹಾಡಿನಲ್ಲಿ ‘ದೃಶ್ಯ ಚೆನ್ನಾಗಿ ಬರುವ’ ಜಾಗ ಯಾವುದು ಎಂದು ಗುಂಪನ್ನು ಕೇಳಿದರೆ ಬಹುಶಃ ಎಲ್ಲರೂ ನೀರು ಏರುವ ಜಾಗವನ್ನೇ ತೋರಿಸುತ್ತಾರೆ. ಚಿಕ್ಕ ವಯಸ್ಸಿನ ಹೆಣ್ಣು, ಸಂಜೆಯ ಬೆಳಕು, ನೀರು. ಭಾರತೀಯ ಸಿನಿಮಾಕ್ಕೆ ಈ ಮೂರನ್ನು ಕೂಡಿಸಿ ಏನು ಮಾಡಬೇಕೆಂಬುದು ಹಲವು ದಶಕಗಳಿಂದ ಬಾಯಿಪಾಠವಾಗಿದೆ. ಮಳೆ ಹಾಡುಗಳನ್ನು ನೆನೆಸಿಕೊಳ್ಳಿ. ಒದ್ದೆ ಸೀರೆ, ಸೊಂಟದ ಮೇಲೆ ನಿಲ್ಲುವ ಕ್ಯಾಮೆರಾ, ನಿಧಾನವಾಗಿ ಮೇಲೇರುವ ನೋಟ. ಪಾದದಿಂದ ಕುತ್ತಿಗೆಯವರೆಗೆ ನೀರು ಏರುವ ಕ್ರಮ ಹಾಡಿನಲ್ಲೇ ಇರುವುದರಿಂದ, ಸಾಯುತ್ತಿರುವ ಹೆಂಗಸಿನ ಮೇಲೆ ಅದೇ ನೋಟವನ್ನು ಹಾಯಿಸಿಬಿಡುವುದು ಬಲು ಸುಲಭ. ಮಾಡಿದವರಿಗೆ ಕೆಟ್ಟ ಉದ್ದೇಶ ಇರಬೇಕಾಗಿಲ್ಲ. ಕೈಗೆ ಬಂದ ಅಭ್ಯಾಸ ಸಾಕು.

ಈ ಅಭ್ಯಾಸಕ್ಕೆ ಹೆಸರು ಕೊಟ್ಟವರು ಬ್ರಿಟನ್ನಿನ ಲಾರಾ ಮಲ್ವಿ. 1975ರ ಪ್ರಬಂಧವೊಂದರಲ್ಲಿ ಅವರು, ಹಾಲಿವುಡ್ ಚಿತ್ರಗಳಲ್ಲಿ ನೋಡುವವನು ಗಂಡಸು, ನೋಡಿಸಿಕೊಳ್ಳುವವಳು ಹೆಂಗಸು ಎಂಬಂತೆ ಕ್ಯಾಮೆರಾದ ಜಾಗವೇ ನಿಗದಿಯಾಗಿರುತ್ತದೆ ಎಂದು ವಾದಿಸಿದರು. ಪ್ರೇಕ್ಷಕಿಯೂ ಗಂಡಸಿನ ಕಣ್ಣಿನಿಂದಲೇ ನೋಡಬೇಕಾಗುತ್ತದೆ. ಮ್ಯೂಸಿಕ್ ವಿಡಿಯೊ ಬಂದಮೇಲೆ ಇದು ಇನ್ನೂ ಗಟ್ಟಿಯಾಯಿತು. ಅಮೆರಿಕದಲ್ಲಿ ಎಂಟಿವಿ ಶುರುವಾದದ್ದು 1981ರ ಆಗಸ್ಟ್ 1ರಂದು. ಒಂಬತ್ತು ವರ್ಷಗಳ ಬಳಿಕ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸಟ್ ಝಲ್ಲಿ ತಮ್ಮ ತರಗತಿಗೆಂದು ಒಂದು ಪ್ರಯೋಗ ಮಾಡಿದರು. ಹತ್ತಾರು ವಿಡಿಯೊಗಳಿಂದ ಹೆಂಗಸರು ಕಾಣಿಸಿಕೊಳ್ಳುವ ತುಣುಕುಗಳನ್ನು ಆರಿಸಿ, ಅವುಗಳ ಹಾಡನ್ನು ತೆಗೆದುಹಾಕಿ, ತಮ್ಮ ವಿವರಣೆಯನ್ನು ಸೇರಿಸಿ, ಒಂದರ ಹಿಂದೊಂದು ಜೋಡಿಸಿದರು. ಹಾಡಿನ ಅಬ್ಬರ ಹೋದ ಕೂಡಲೇ ಉಳಿದದ್ದು ಮುಖವೇ ಇಲ್ಲದ ಸೊಂಟ, ಕಾಲು, ಬೆನ್ನುಗಳ ಮೆರವಣಿಗೆ. ಎಂಟಿವಿ ಕಂಪನಿ ಕಾನೂನು ಕ್ರಮದ ಬೆದರಿಕೆ ಹಾಕಿತು. ಝಲ್ಲಿ ಜಗ್ಗಲಿಲ್ಲ. ‘ಡ್ರೀಮ್‌ವರ್ಲ್ಡ್ಸ್’ ಎಂಬ ಆ ಪಾಠ ಇಂದಿಗೂ ಪತ್ರಿಕೋದ್ಯಮದ ತರಗತಿಗಳಲ್ಲಿ ಹೆಸರಾಗಿದೆ. ನಮ್ಮ ವಿದ್ಯಾರ್ಥಿಗಳೂ ತಮ್ಮ ವಿಡಿಯೊದ ಕರಡನ್ನು ಒಮ್ಮೆ ಧ್ವನಿ ಮುಚ್ಚಿ ನೋಡಬಹುದು. ಖರ್ಚಿಲ್ಲದ ಪರೀಕ್ಷೆ.

ಹಾಗಾದರೆ ನೀರು ಏರುವ ದೃಶ್ಯವನ್ನು ತೆಗೆಯುವುದು ಹೇಗೆ? ಒಂದು ದಾರಿಯೆಂದರೆ ಕ್ಯಾಮೆರಾವನ್ನು ಭಾಗೀರತಿಯ ಕಣ್ಣಿನ ಜಾಗದಲ್ಲಿಡುವುದು. ಆಗ ಕಾಣುವುದು ಅವಳ ಮೈಯಲ್ಲ. ಅವಳಿಗೆ ಕಾಣುವ ಮೆಟ್ಟಿಲು, ಕೈಯಲ್ಲಿರುವ ಬಟ್ಟಲು, ಏರಿಯ ಮೇಲೆ ಬೆನ್ನು ತಿರುಗಿಸಿ ನಡೆಯುತ್ತಿರುವ ಮನೆಮಂದಿ. ಇನ್ನೊಂದು, ಅವಳ ಮುಖವನ್ನು ಬಿಟ್ಟು ಬೇರೆ ಏನನ್ನೂ ತೋರಿಸದಿರುವುದು. ಮೂರನೆಯದು ನೀರನ್ನೇ ತೋರಿಸದೆ, ಕೆರೆ ತುಂಬುವ ಸದ್ದನ್ನು ಮನೆಯ ಅಡುಗೆಕೋಣೆಯಲ್ಲಿ ನಿಂತ ಹಿರಿಯ ಸೊಸೆ ಕೇಳಿಸಿಕೊಳ್ಳುವುದು. ನನ್ನನ್ನು ಕೇಳಿದರೆ ಮೂರನೆಯದೇ ಹೆಚ್ಚು ನಡುಗಿಸುತ್ತದೆ. ಆದರೆ ಈ ಯಾವುದೂ ಶೂಟಿಂಗ್ ದಿನ ಕೆರೆಯ ದಡದಲ್ಲಿ ನಿಂತು ಹೊಳೆಯುವುದಿಲ್ಲ. ಕಾಗದದ ಮೇಲೆ ಶಾಟ್‌ಗಳ ಪಟ್ಟಿ ಮಾಡುವಾಗ ಪ್ರತಿ ಸಾಲಿನ ಮುಂದೆ ‘ಯಾರು ನೋಡುತ್ತಿದ್ದಾರೆ?’ ಎಂದು ಬರೆದುಕೊಂಡರೆ ಮಾತ್ರ ಹೊಳೆಯುತ್ತದೆ.

ತಿರುಗಿಸಿದರೆ ಸರಿಹೋಗುತ್ತದೆಯೇ?

ಎಂಟಿವಿ ನಮ್ಮ ಮನೆಗಳಿಗೆ ಬಂದದ್ದು 1991ರಲ್ಲಿ, ಸ್ಟಾರ್ ಟಿವಿಯ ಬೆನ್ನ ಮೇಲೆ. 1995ರಲ್ಲಿ ಅಲಿಷಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ಮನೆಮಾತಾಯಿತು. ಸಂಗೀತ ನೀಡಿದ ಬಿದ್ದು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಆ ವಿಡಿಯೊದಲ್ಲಿ ವರನನ್ನು ಆರಿಸುವವಳು ರಾಣಿ. ಬರಿಮೈಯಲ್ಲಿ ಪೆಟ್ಟಿಗೆಯಿಂದ ಎದ್ದು ಬರುವವನು ಗಂಡು, ಮಿಲಿಂದ್ ಸೋಮನ್. ನೋಡುವವಳು ಹೆಂಗಸು, ನೋಡಿಸಿಕೊಳ್ಳುವವನು ಗಂಡಸು. ಆ ಕಾಲಕ್ಕೆ ಅದೊಂದು ಮೋಜಿನ ತಿರುವು. ಆದರೆ ತಕ್ಕಡಿಯ ತಟ್ಟೆ ಅದಲುಬದಲಾಯಿತೇ ಹೊರತು ತಕ್ಕಡಿ ಬದಲಾಗಲಿಲ್ಲ ಎನ್ನಬೇಕು.

ಬೇರೆ ದಾರಿ ಹಿಡಿದದ್ದು 2000ದ ಸುಮಾರಿಗೆ ಬಂದ ‘ಮನ್ ಕೆ ಮಂಜೀರೆ’. ಬ್ರೇಕ್‌ಥ್ರೂ ಎಂಬ ಮಾನವ ಹಕ್ಕುಗಳ ಸಂಸ್ಥೆ ಮಾಡಿಸಿದ ಆ ಆಲ್ಬಂನಲ್ಲಿ ಹಾಡಿದವರು ಶುಭಾ ಮುದ್ಗಲ್. ವಿಡಿಯೊದಲ್ಲಿ ಮೀತಾ ವಸಿಷ್ಠ್ ಗಂಡನ ಹಿಂಸೆಯಿಂದ ಹೊರಬಂದು ಟ್ರಕ್ಕು ಓಡಿಸುವ ಹೆಂಗಸು. ಗುಜರಾತಿನ ಮಹಿಳೆಯೊಬ್ಬರ ನಿಜ ಬದುಕಿನಿಂದ ಹುಟ್ಟಿದ ಪಾತ್ರ ಅದು. ಅಲ್ಲಿ ಹೆಂಗಸರು ಕುಣಿಯುತ್ತಾರೆ, ಬಣ್ಣದ ಬಟ್ಟೆ ತೊಡುತ್ತಾರೆ, ಚೆಂದ ಕಾಣುತ್ತಾರೆ. ಹೆಂಗಸನ್ನು ಗೌರವದಿಂದ ತೋರಿಸುವುದೆಂದರೆ ಅವಳನ್ನು ಸಪ್ಪೆಯಾಗಿ, ತಲೆ ತಗ್ಗಿಸಿ ತೋರಿಸಬೇಕೆಂದು ತಿಳಿಯುವವರು ಇದನ್ನು ನೋಡಬೇಕು. ಅವಳ ಕೈಯಲ್ಲಿ ಏನೋ ಕೆಲಸವಿದೆ, ಅವಳಿಗೆ ಹೋಗಬೇಕಾದ ಊರೊಂದಿದೆ. ವ್ಯತ್ಯಾಸ ಅಷ್ಟೇ.

ಭಾಗೀರತಿಗೂ ಕೆಲಸವಿದೆ. ಹಾಡು ಅವಳ ಕೆಲಸಗಳನ್ನು ಒಂದೊಂದಾಗಿ ಹೇಳುತ್ತದೆ. ವಿಡಿಯೊ ಮಾಡುವವರು ಅವನ್ನು ಬಿಟ್ಟು ಅವಳನ್ನು ಕಿಟಕಿಯ ಬಳಿ ಕೂರಿಸಿ ಅಳಿಸಿದರೆ, ಹಾಡಿನಲ್ಲಿದ್ದ ಹೆಂಗಸೇ ಬೇರೆ, ವಿಡಿಯೊದ ಹೆಂಗಸೇ ಬೇರೆ ಎಂದಾಗುತ್ತದೆ.

ಗಂಡಸರ ಚಿತ್ರಣದ ಮಾತೂ ಇಲ್ಲಿ ಬರಬೇಕು. ಮಲ್ಲನಗೌಡನಿಗೆ ದಪ್ಪ ಮೀಸೆ, ಕೆಂಪು ಕಣ್ಣು ಕೊಟ್ಟು ಖಳನಾಯಕನನ್ನಾಗಿ ಮಾಡಿದರೆ ಕಥೆ ಹಗುರಾಗುತ್ತದೆ. ಹಾಡಿನ ಭಯ ಇರುವುದೇ ಅವನು ಸಾಮಾನ್ಯ ಮನುಷ್ಯ ಎಂಬುದರಲ್ಲಿ. ಊರಿಗೆ ನೀರು ಬೇಕು. ಮನೆಯವರು ಸಮಾಧಾನದಿಂದ ಕುಳಿತು ಲೆಕ್ಕ ಹಾಕುತ್ತಾರೆ. ಲೆಕ್ಕದಲ್ಲಿ ಒಬ್ಬಳು ಹೆಚ್ಚಾಗುತ್ತಾಳೆ. ಅತ್ತೆಯನ್ನು ಟಿವಿ ಧಾರಾವಾಹಿಯ ಅತ್ತೆಯನ್ನಾಗಿ ಮಾಡುವುದೂ ಇದೇ ಜಾತಿಯ ತಪ್ಪು.

ಯಾವ ಸೀರೆ, ಯಾವ ಮಾತು?

ಇನ್ನು ಊರಿನ ವಿಷಯ. ಹಾಡು ಉತ್ತರ ಕರ್ನಾಟಕದ ಮಾತಿನಲ್ಲಿದೆ. ಬೆಂಗಳೂರು, ಮೈಸೂರಿನ ವಿದ್ಯಾರ್ಥಿಗಳು ಅದನ್ನು ಹಾಡುವಾಗ ಮೊದಲ ಪರೀಕ್ಷೆ ಉಚ್ಚಾರದ್ದು. ಕನ್ನಡ ಸಿನಿಮಾಗಳು ಆ ಭಾಗದ ಮಾತನ್ನು ಬಹುಕಾಲ ನಗೆಪಾತ್ರಗಳಿಗೆ ಮೀಸಲಿಟ್ಟಿದ್ದವು. ಆ ನಗೆಯ ಧಾಟಿ ಸ್ವಲ್ಪ ನುಸುಳಿದರೂ ದುಃಖದ ಹಾಡು ಹಾಸ್ಯವಾಗುತ್ತದೆ. ಧಾರವಾಡ ಅಥವಾ ವಿಜಯಪುರದ ಕಡೆಯ ಸಹಪಾಠಿಯೊಬ್ಬಳು ಗುಂಪಿನಲ್ಲಿದ್ದರೆ ಅವಳನ್ನು ಕೊನೆಯಲ್ಲಿ ‘ಉಚ್ಚಾರ ತಿದ್ದಲು’ ಕರೆಯುವುದಕ್ಕಿಂತ ಮೊದಲೇ ಕೂರಿಸಿಕೊಳ್ಳುವುದು ಒಳ್ಳೆಯದು. ಬಟ್ಟೆಯೂ ಹಾಗೆಯೇ. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ಆ ನಾಡಿನವು. ಅವು ದುಬಾರಿ ವೇಷವೇನಲ್ಲ. ಯಾರದಾದರೂ ಅಜ್ಜಿಯ ಪೆಟ್ಟಿಗೆಯಲ್ಲಿ ಸಿಗುತ್ತವೆ, ಉಡುವ ರೀತಿಯನ್ನೂ ಅದೇ ಅಜ್ಜಿ ಹೇಳಿಕೊಡುತ್ತಾರೆ.

ಆದರೆ ಬಾಡಿಗೆ ಅಂಗಡಿಯಲ್ಲಿ ‘ಜಾನಪದ ಡ್ರೆಸ್’ ಎಂದು ಕೇಳಿದರೆ ಕನ್ನಡಿ ಹಚ್ಚಿದ ಲಂಗ ಸಿಗುವುದೂ ಉಂಟು. ಅದು ಲಂಬಾಣಿ ಹೆಂಗಸರ ಉಡುಪಿನ ಅಗ್ಗದ ನಕಲು. ಲಂಬಾಣಿ ಉಡುಪಿನಲ್ಲಿ ಒಂದೊಂದಕ್ಕೂ ಅರ್ಥವಿದೆ. ಮದುವೆಯಾದವಳು ತೊಡುವ ಕೆಲವು ಒಡವೆ, ಬಳೆಗಳನ್ನು ಮದುವೆಯಾಗದವಳು ತೊಡುವುದಿಲ್ಲ. ಬಿಸಿಲಿನಲ್ಲಿ ಕೂಲಿ ಮಾಡುವ ತಾಂಡಾದ ಹೆಂಗಸಿನ ಮೈಮೇಲೆ ಇದ್ದಾಗ ಹಿಂದುಳಿದ ವೇಷ, ವೇದಿಕೆಯ ಮೇಲೆ ಬಂದಾಗ ರಂಗುರಂಗಿನ ಸಂಸ್ಕೃತಿ ಎಂಬ ಇಬ್ಬಗೆಯನ್ನು ಆ ಸಮುದಾಯದ ಹುಡುಗಿಯರು ಚೆನ್ನಾಗಿ ಬಲ್ಲರು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರಿನ ಕಡೆಯ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಅದೇ ಬಟ್ಟೆ, ಅದೇ ಕನ್ನಡಿ. ಇಲ್ಲಿ ಮಾತ್ರ ಅದು ಯಾರ ಕೈಕೆಲಸ ಎಂದು ಹೇಳಲಾಯಿತು. ಕೊಡಗಿನಲ್ಲಿ ಕುಪ್ಯಚೇಲೆಯನ್ನು ಬಡಿಸುವವರ ಸಮವಸ್ತ್ರ ಮಾಡಿದಾಗ ಎದ್ದ ಆಕ್ಷೇಪವೂ ಇದೇ ಜಾಡಿನದು.

ಎಲ್ಲಕ್ಕಿಂತ ಕೆಟ್ಟದ್ದು ನಮ್ಮ ಕಾಲೇಜು ವೇದಿಕೆಗಳ ‘ಆದಿವಾಸಿ ನೃತ್ಯ’. ಮೈಗೆ ಕಪ್ಪು ಬಣ್ಣ, ಸೊಂಟಕ್ಕೆ ಸೊಪ್ಪು, ತಲೆಗೆ ಗರಿ, ಬಾಯಲ್ಲಿ ‘ಜಿಂಗಾಲಾಲಾ’. ಭೂಮಿಯ ಮೇಲೆ ಹೀಗೆ ಕುಣಿಯುವ ಜನ ಎಲ್ಲೂ ಇಲ್ಲ. ಸೋಲಿಗರು ಹೀಗಿಲ್ಲ, ಜೇನುಕುರುಬರು ಹೀಗಿಲ್ಲ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ಧಿಯರಿಗೆ ಅವರದೇ ಡಮಾಮಿ ಇದೆ, ಅವರದೇ ಹಾಡಿದೆ. ಅವರಲ್ಲಿ ಒಬ್ಬ ವಿದ್ಯಾರ್ಥಿ ಅದೇ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತಿರಬಹುದೆಂಬ ಯೋಚನೆ ಬಣ್ಣ ಬಳಿದುಕೊಳ್ಳುವ ಯಾರಿಗೂ ಬಂದಂತೆ ಕಾಣುವುದಿಲ್ಲ. ‘ಕೆರೆಗೆ ಹಾರ’ದಲ್ಲೂ ಇಂಥ ಗುಂಡಿಯೊಂದಿದೆ. ಕೆರೆ ತೋಡುವ ಆಳುಗಳನ್ನು ತೋರಿಸಬೇಕಾಗಿ ಬಂದಾಗ ಬಿಳಿಚರ್ಮದ ಹುಡುಗನಿಗೆ ಗೌಡನ ಪೇಟ, ಕಪ್ಪು ಹುಡುಗರಿಗೆ ಗುದ್ದಲಿ ಎಂದು ಹಂಚಿಕೆಯಾಗಿಬಿಡುತ್ತದೆ. ತಲೆಮಾರುಗಳಿಂದ ಕೆರೆ ತೋಡಿದ ಭೋವಿ ಸಮುದಾಯದ ಕೌಶಲ ಇಲ್ಲಿ ಬೆವರಿನ ಹಿನ್ನೆಲೆಯಾಗಿ ಮಾತ್ರ ಉಳಿಯುತ್ತದೆ.

2016ರ ಜನವರಿಯಲ್ಲಿ ಬ್ರಿಟನ್ನಿನ ಕೋಲ್ಡ್‌ಪ್ಲೇ ತಂಡದ ‘ಹಿಮ್ ಫಾರ್ ದ ವೀಕೆಂಡ್’ ವಿಡಿಯೊ ಬಂದಾಗ ನಮ್ಮಲ್ಲಿ ಹಲವರು ಸಿಟ್ಟಾದರು. ಮುಂಬೈಯಲ್ಲಿ ಚಿತ್ರೀಕರಿಸಿದ ಅದರಲ್ಲಿ ಸಾಧುಗಳು, ನವಿಲು, ಬಣ್ಣ ಎರಚುವ ಬಡ ಮಕ್ಕಳು. ಅಮೆರಿಕದ ಗಾಯಕಿ ಬಿಯಾನ್ಸೆ ಭಾರತೀಯ ಚಿತ್ರತಾರೆಯ ವೇಷದಲ್ಲಿ. ಭಾರತವೆಂದರೆ ಇಷ್ಟೇನಾ ಎಂಬುದು ದೂರು. ದೂರು ನ್ಯಾಯವಾದದ್ದೇ. ಆದರೆ ಲಂಡನ್ನಿನವರು ಮುಂಬೈಗೆ ಮಾಡಿದ್ದನ್ನೇ ಬೆಂಗಳೂರಿನವರು ತಾಂಡಾಕ್ಕೆ, ಹಾಡಿಗೆ ಮಾಡುತ್ತಿಲ್ಲವೇ ಎಂದು ಕೇಳಿಕೊಂಡವರು ಕಡಿಮೆ.

ದೈವ, ಜೋಗತಿ, ಡೊಳ್ಳು

ವೇಷಕ್ಕಿಂತ ಸೂಕ್ಷ್ಮವಾದದ್ದು ಆಚರಣೆ. 2022ರ ಸೆಪ್ಟೆಂಬರ್ ಕೊನೆಯಲ್ಲಿ ‘ಕಾಂತಾರ’ ಬಿಡುಗಡೆಯಾದ ಮೇಲೆ ದೈವದ ವೇಷ ತೊಟ್ಟು ಕೂಗುವ ರೀಲ್ಸ್‌ಗಳ ಸುಗ್ಗಿಯೇ ಆಯಿತು. ತುಳುನಾಡಿನಲ್ಲಿ ಬೇಸರ ಎದ್ದಿತು. 2025ರ ನವೆಂಬರಿನಲ್ಲಿ ಗೋವಾದ ಚಲನಚಿತ್ರೋತ್ಸವದ ವೇದಿಕೆಯಲ್ಲಿ ದೈವದ ಹಾವಭಾವ ಅನುಕರಿಸಿದ ಹಿಂದಿ ನಟ ರಣವೀರ್ ಸಿಂಗ್ ಕ್ಷಮೆ ಕೇಳಬೇಕಾಯಿತು. ಹೊರಗಿನವರಿಗೆ ಇದು ಬರೇ ಬಣ್ಣದ ಕುಣಿತವಾಗಿ ಕಾಣುತ್ತದೆ. ನಲಿಕೆ, ಪಂಬದ, ಪರವ ಸಮುದಾಯದವರು ವ್ರತ ಹಿಡಿದು, ಅಣಿ ಕಟ್ಟಿ, ಗಗ್ಗರ ತೊಟ್ಟ ಮೇಲೆ ಅಲ್ಲಿ ನಿಂತಿರುವುದು ನಟನಲ್ಲ ಎಂಬುದು ಕೊಡಿಯಡಿಯ ನಂಬಿಕೆ. ನಂಬದವರೂ ಒಪ್ಪಬೇಕಾದ ಇನ್ನೊಂದು ಮಾತಿದೆ: ಉಳಿದ ದಿನಗಳಲ್ಲಿ ಊರು ದೂರ ಇಟ್ಟವರಿಗೆ ಆ ಒಂದು ರಾತ್ರಿ ಸಿಗುವ ಮಾತಿನ ಅಧಿಕಾರ ಅದು. ಅದನ್ನು ಎರಡು ನಿಮಿಷದ ‘ಎಫೆಕ್ಟ್’ ಮಾಡಿದಾಗ ಕಳೆಯುವುದು ಅವರದು.

ಜೋಗತಿಯರ ವಿಷಯವೂ ಇಷ್ಟೇ ನಾಜೂಕು. ಸಿನಿಮಾ ಹಾಡಿನಲ್ಲಿ ಚಪ್ಪಾಳೆ ತಟ್ಟಿ ನಗಿಸಲಷ್ಟೇ ಬರುತ್ತಿದ್ದವರನ್ನು ಬೇರೆಯಾಗಿ ನೋಡುವಂತೆ ಮಾಡಿದವರು ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಅವರು ಆ ಸ್ಥಾನಕ್ಕೆ ಬಂದ ಮೊದಲ ಲಿಂಗತ್ವ ಅಲ್ಪಸಂಖ್ಯಾತರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯುವಾಗ ಅವರು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಗೆ ಸೆರಗಿನಿಂದ ನಿವಾಳಿಸಿ ಹರಸಿದ್ದನ್ನು ದೇಶವೇ ನೋಡಿತು. ವಿಡಿಯೊದಲ್ಲಿ ಜೋಗತಿ ಬರಬೇಕಾದರೆ ಯಾರೋ ಹುಡುಗನಿಗೆ ಸೀರೆ ಉಡಿಸುವುದಕ್ಕಿಂತ ಅವರನ್ನೇ ಕರೆಯಬಹುದು. 2016ರಲ್ಲಿ ಮುಂಬೈಯಲ್ಲಿ ಆರು ಮಂದಿ ಲಿಂಗತ್ವ ಅಲ್ಪಸಂಖ್ಯಾತ ಗಾಯಕರ ‘6 ಪ್ಯಾಕ್ ಬ್ಯಾಂಡ್’ ಹೊರಟಿತು; ಅವರ ವಿಡಿಯೊಗಳಲ್ಲಿ ಅವರೇ ಹಾಡಿದರು, ಅವರೇ ಕುಣಿದರು. ಚಹಾ ಕಂಪನಿಯೊಂದರ ಪ್ರಚಾರವೂ ಅದರಲ್ಲಿ ಸೇರಿತ್ತೆನ್ನುವುದು ಬೇರೆ ಮಾತು.

ಇದನ್ನೆಲ್ಲ ಕೇಳಿದ ವಿದ್ಯಾರ್ಥಿಗಳು, ಹಾಗಾದರೆ ಏನನ್ನೂ ಮುಟ್ಟುವ ಹಾಗಿಲ್ಲವೇ ಎಂದು ಕೈಚೆಲ್ಲಬಹುದು. ಹಾಗೇನಿಲ್ಲ. ಬೀರೇಶ್ವರನ ಒಕ್ಕಲಾದ ಕುರುಬರ ಡೊಳ್ಳು ಕುಣಿತ ಬಹುಕಾಲ ಗಂಡಸರದೇ ಆಗಿತ್ತು. ಈಗ ಸೊಂಟಕ್ಕೆ ಡೊಳ್ಳು ಕಟ್ಟಿದ ಹೆಣ್ಣುಮಕ್ಕಳ ತಂಡಗಳು ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಇವೆ. ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಕಟ್ಟಿದ್ದು ಹಳೆಯ ಮಾತು, ಹೆಂಗಸರೇ ಮೇಳ ಕಟ್ಟಿದ್ದು ಹೊಸತು. ಸಂಪ್ರದಾಯ ಗಾಜಿನ ಪೆಟ್ಟಿಗೆಯಲ್ಲಿಲ್ಲ. ಆದರೆ ಈ ಬದಲಾವಣೆಗಳನ್ನು ಮಾಡಿದವರು ಡೊಳ್ಳಿನ ಭಾರ ಹೊತ್ತು, ಗುರುವಿನ ಬಳಿ ಕಲಿತು ಮಾಡಿದರು. ಹುಡುಗಿಯರ ಕೈಗೆ ಒಂದು ದಿನದ ಮಟ್ಟಿಗೆ ಡೊಳ್ಳು ಕೊಟ್ಟು ಬಡಿದಂತೆ ನಟಿಸಲು ಹೇಳುವುದು ಅದಲ್ಲ.

ಹೆಸರು ಯಾರದು?

ಜಾನಪದ ಗೀತೆಗೆ ಕರ್ತೃ ಇಲ್ಲ ಎನ್ನುತ್ತೇವೆ. ಹಾಡಿದವರು ಇದ್ದಾರಲ್ಲ? ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. ಕನ್ನಡಕ್ಕೆ ಅದು ದೊಡ್ಡ ಉಪಕಾರ. ಆದರೆ ಇಂದು ನಮ್ಮ ಬಾಯಲ್ಲಿರುವುದು ಸಂಗ್ರಹಿಸಿದ ಗಂಡಸರ ಹೆಸರು. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ತಾಯಂದಿರ ಹೆಸರು ಎಷ್ಟು ಮಂದಿಗೆ ಗೊತ್ತು? ‘ಗರತಿ’ ಎಂಬ ಮಾತೂ ಯೋಚಿಸಬೇಕಾದದ್ದೇ. ಹಾಡುವವಳನ್ನು ಗುರುತಿಸಲು ಅವಳ ಶೀಲವನ್ನೇ ಆರಿಸಿಕೊಂಡದ್ದು ಆ ಕಾಲದ ನೋಟ.

ಇದು ಹಳೆಯ ಕಥೆ ಎನ್ನುವಂತಿಲ್ಲ. 2021ರಲ್ಲಿ ತಮಿಳಿನ ‘ಎಂಜಾಯ್ ಎಂಜಾಮಿ’ ವಿಡಿಯೊ ಕೋಟಿಗಟ್ಟಲೆ ಜನರನ್ನು ಮುಟ್ಟಿತು. ಭೂಮಿ ಇಲ್ಲದ ದುಡಿಯುವ ಜನರ ನೆನಪನ್ನು ಹಾಡಾಗಿಸಿ ಬರೆದವರು, ಗಾಯಕಿ ಧೀ ಜೊತೆ ಹಾಡಿದವರು ದಲಿತ ಕವಿ ಅರಿವು. ಆ ಆಗಸ್ಟಿನಲ್ಲಿ ಸಂಗೀತ ಪತ್ರಿಕೆಯೊಂದು ಹಾಡನ್ನು ಕುರಿತ ಮುಖಪುಟ ಮಾಡಿದಾಗ ಅರಿವು ಅದರಲ್ಲಿ ಇರಲಿಲ್ಲ. ನಿರ್ದೇಶಕ ಪಾ. ರಂಜಿತ್ ಬಹಿರಂಗವಾಗಿ ಪ್ರಶ್ನಿಸಿದರು. ದೊಡ್ಡ ಚರ್ಚೆಯೇ ನಡೆಯಿತು. ವಿದ್ಯಾರ್ಥಿಗಳ ವಿಡಿಯೊದ ಕೊನೆಯಲ್ಲಿ ‘ಸಾಹಿತ್ಯ: ಜಾನಪದ’ ಎಂದು ಬರೆದು ಕೈತೊಳೆದುಕೊಳ್ಳುವ ಬದಲು, ಮಟ್ಟು ಕಲಿಸಿದ ಅಜ್ಜಿಯ ಹೆಸರು, ಊರಿನ ಹೆಸರು ಹಾಕಲು ಎರಡು ಸೆಕೆಂಡು ಸಾಕು. ಅವರ ಒಪ್ಪಿಗೆ ಕೇಳಿ ಹಾಕಬೇಕು. ದಿನದ ಕೂಲಿ ಬಿಟ್ಟು ಬಂದಿದ್ದರೆ ಅದನ್ನೂ ಕೊಡಬೇಕು.

ಕಾನೂನು ಇಲ್ಲಿ ಹೆಚ್ಚು ದೂರ ಬರುವುದಿಲ್ಲ. ಮಹಿಳೆಯರ ಅಶ್ಲೀಲ ಚಿತ್ರಣ ತಡೆಗೆ 1986ರ ಕಾಯ್ದೆ ಇದೆ. ಅದರ ಅಳತೆಗೋಲು ಅಶ್ಲೀಲತೆ. ಅಶ್ಲೀಲವಲ್ಲದೆಯೂ ಅವಮಾನ ಮಾಡಬಹುದೆಂಬುದು ಎಲ್ಲರಿಗೂ ಗೊತ್ತು. ಹೆಚ್ಚು ಉಪಯೋಗಕ್ಕೆ ಬರುವ ಮಾತು ಸುಪ್ರೀಂ ಕೋರ್ಟಿನ 2024ರ ಜುಲೈ 8ರ ತೀರ್ಪಿನಲ್ಲಿದೆ. ಹಿಂದಿ ಸಿನಿಮಾವೊಂದು ಅಂಗವಿಕಲರನ್ನು ಗೇಲಿ ಮಾಡಿತೆಂಬ ಪ್ರಕರಣ ಅದು. ಯಾರ ಬಗ್ಗೆ ಚಿತ್ರ ಮಾಡುತ್ತೀರೋ ಅವರನ್ನು ಹೊರಗಿಟ್ಟು ಮಾಡಬಾರದೆಂಬ ತತ್ವವನ್ನು ನ್ಯಾಯಾಲಯ ಅಲ್ಲಿ ಎತ್ತಿಹಿಡಿಯಿತು. ಕಾಲೇಜಿನ ಗುಂಪಿಗೆ ಇದನ್ನು ಸರಳವಾಗಿ ಹೇಳುವುದಾದರೆ, ಚರ್ಚೆಗೆ ಕೂರುವ ಬೆಂಚಿನ ಮೇಲೆ ಯಾರಿದ್ದಾರೆಂದು ಒಮ್ಮೆ ನೋಡಿಕೊಳ್ಳಬೇಕು. ಹುಡುಗಿಯರು ನಟಿಸಲು ಮಾತ್ರ, ಕ್ಯಾಮೆರಾ ಮತ್ತು ಎಡಿಟಿಂಗ್ ಹುಡುಗರಿಗೆ ಎಂದು ಹಂಚಿಹೋಗಿದ್ದರೆ ವಿಡಿಯೊ ಹೇಗೆ ಬರುತ್ತದೆಂದು ಊಹಿಸಲು ಕಷ್ಟವಿಲ್ಲ. ಕೆರೆಯ ಬಳಿ ಬಟ್ಟೆ ಬದಲಿಸಲು ಮರೆಯ ಜಾಗ ಇದೆಯೇ, ಈಜು ಬಲ್ಲವರು ಜೊತೆಗಿದ್ದಾರೆಯೇ, ಕತ್ತಲಾಗುವ ಮೊದಲು ಹಾಸ್ಟೆಲಿಗೆ ತಲುಪಿಸುವವರು ಯಾರು ಎಂಬ ಪ್ರಶ್ನೆಗಳು ಬೆಂಚಿನ ಮೇಲೆ ಹುಡುಗಿಯರಿದ್ದರೆ ಮೊದಲ ದಿನವೇ ಏಳುತ್ತವೆ.

ಕೊನೆಗೆ ಕತ್ತರಿಯ ವಿಷಯ. ‘ಕೆರೆಗೆ ಹಾರ’ ಪೂರ್ತಿ ಹಾಡಿದರೆ ನಾಲ್ಕು ನಿಮಿಷಕ್ಕೆ ಮುಗಿಯುವುದಿಲ್ಲ, ಕಡಿತ ಮಾಡಲೇಬೇಕು. ಸಾಮಾನ್ಯವಾಗಿ ಮೊದಲು ಕತ್ತರಿ ಬೀಳುವುದು ತವರಿನ ಮತ್ತು ಗೆಳತಿಯ ಭಾಗಕ್ಕೆ. ಅಲ್ಲಿ ಹೆಂಗಸರು ಕುಳಿತು ಮಾತಾಡುತ್ತಾರೆ, ಅಷ್ಟೇ. ‘ವಿಷುಯಲ್’ ಏನೂ ಇಲ್ಲ. ಆದರೆ ಇಡೀ ಹಾಡಿನಲ್ಲಿ ಭಾಗೀರತಿ ಬಾಯಿಬಿಟ್ಟು ನಿಜ ಹೇಳುವ ಜಾಗ ಅದೊಂದೇ, ಅವಳು ಏನಾದಳೆಂದು ಆಮೇಲೆ ಹೇಳುವವಳೂ ಆ ಗೆಳತಿ ಒಬ್ಬಳೇ. ಅದು ಹೋದರೆ ಉಳಿಯುವುದು ಮಾತಿಲ್ಲದೆ ಮುಳುಗುವ ಚೆಂದದ ಹೆಣ್ಣು. ಸಮಯ ಉಳಿಸಲೇಬೇಕೆಂದಿದ್ದರೆ ಮಾದೇವರಾಯ ದಂಡಿನಿಂದ ಕುದುರೆ ಓಡಿಸಿಕೊಂಡು ಬರುವ ದೃಶ್ಯವನ್ನು ಬಿಡಬಹುದು. ಕುದುರೆಯ ಬಾಡಿಗೆಯೂ ಉಳಿಯುತ್ತದೆ.